ಚಿತ್ರಶಾಲೆಯ ಅಂಗಳದಲ್ಲಿ ಪುಂಡಿಪಲ್ಲೆ

ಕಾವಲುಗಾರ ಓಡಿ ಬರುವಷ್ಟರಲ್ಲಿ ನಮ್ಮತ್ತೆಯ ಉಡಿ ಅರ್ಧ ತುಂಬಿತ್ತು. ರಾಯಚೂರಿನ ಆ ಹೊಸ ಚಿತ್ರಶಾಲೆಯ ನಡುವೆ, ಗಾಜಿನ ಮಾಡಿನ ಕೆಳಗೆ, ಅಂಗಳದಷ್ಟು ಅಗಲದ ತೋಟವೊಂದಿದೆ. ಅದರ ಸುತ್ತ ಎಲ್ಲರೂ ಪಿಸುಮಾತಿನಲ್ಲೇ ಓಡಾಡುತ್ತಾರೆ. ದೇವದುರ್ಗದಿಂದ ಬಂದಿದ್ದ ಅತ್ತೆ ಮಾತ್ರ, ಅಲಂಕಾರಕ್ಕೆಂದು ಬೆಳೆಸಿದ್ದ ಕೆಂಪು ದಂಟಿನ, ಪಲ್ಯಕ್ಕಾಗುವ ಹುಳಿಸೊಪ್ಪಿನ ಪುಂಡಿ ಗಿಡಗಳನ್ನು ಕಂಡದ್ದೇ ಸೆರಗನ್ನು ಉಡಿ ಮಾಡಿಕೊಂಡು, ‘ಮುಟ್ಟಬೇಡಿ’ ಎಂಬ ಫಲಕದ ಬುಡದಲ್ಲೇ ಕುಡಿ ಚಿವುಟಲು ಕೂತುಬಿಟ್ಟಿದ್ದರು.

“ಯವ್ವಾ, ಇವನ್ನ ನೋಡಾಕ ಇಟ್ಟಾರ್ರಿ. ಕಿತ್ತಿದ್ದು ಅಲ್ಲೇ ಹಾಕಿಬಿಡ್ರಿ,” ಎಂದ ಕಾವಲುಗಾರ.

“ಉಡಿಗೆ ಬಿದ್ದದ್ದು ಚೆಲ್ಲಬಾರದು ತಮ್ಮಾ. ನಿಮ್ಮವ್ವ ಹೇಳಿಲ್ಲೇನು?” ಎಂದರು ಅತ್ತೆ.

ಅವನು ಚಾಚಿದ ಕೈ ಹಿಂದೆಳೆದುಕೊಂಡ. ಅವನವ್ವ ಹೇಳಿದ್ದಳೆಂದು ಕಾಣುತ್ತದೆ. ಅಷ್ಟರಲ್ಲಿ ಚಿತ್ರಶಾಲೆ ನೋಡಿಕೊಳ್ಳುವ ಮೇಡಂ ಬಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಆಕೆ ಅತ್ತೆಯ ಉಡಿ ನೋಡಿದರು, ಕಾವಲುಗಾರನ ಮುಖ ನೋಡಿದರು, ಆಮೇಲೆ ಬಗ್ಗಿ ಒಂದು ಹಿಡಿ ಕುಡಿ ಚಿವುಟಿ ಅದೇ ಉಡಿಗೆ ಹಾಕಿ ಅಂದರು:

“ಅರ್ಧ ಉಡಿ ತುಂಬಿ ಕಳಸಬಾರದಂತ ನಮ್ಮವ್ವ ಹೇಳ್ಯಾಳ್ರಿ.”

ಪಿಸುಮಾತಿನ ಆ ಜಾಗದಲ್ಲಿ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಕಾವಲುಗಾರ ಗೋಡೆಯ ಚಿತ್ರದ ಕಡೆ ತಿರುಗಿಕೊಂಡ. ಅವನ ಭುಜ ಮಾತ್ರ ಕುಣಿಯುತ್ತಿತ್ತು.

ಅಂದು ನೋಡಿದ ಚಿತ್ರಗಳಲ್ಲಿ ಒಂದೂ ನನಗೆ ನೆನಪಿಲ್ಲ. ಮರುದಿನ ಅತ್ತೆ ಅವರಿಬ್ಬರಿಗೂ ರೊಟ್ಟಿ, ಪುಂಡಿಪಲ್ಲೆ ಕಟ್ಟಿ ಕಳಿಸಿದರು. ಸಂಜೆ ಡಬ್ಬಿ ವಾಪಸ್ ಬಂದಾಗ ಅದೂ ಖಾಲಿ ಇರಲಿಲ್ಲ. ಮುಚ್ಚಳ ಕೂರದಷ್ಟು ಎಳೆ ಕುಡಿಗಳಿದ್ದವು.