ಉಳಿದ ಎಂಟು ಅಂಕ

ನಮ್ಮ ಇತಿಹಾಸದ ಮೇಷ್ಟರ ತೋರುಬೆರಳಿನ ಉಗುರಿನಡಿ ಸದಾ ಒಂದು ಬಿಳಿ ಗೆರೆ. ಬೋರ್ಡಿನ ಸೀಮೆಸುಣ್ಣವೋ, ಎಲೆಗೆ ಸವರುವ ಸುಣ್ಣವೋ, ಈಗ ಖಚಿತವಿಲ್ಲ. ಬಲಗೈ ಎಂದು ಬರೆಯಹೊರಟಿದ್ದೆ, ಅದೂ ತಪ್ಪಿರಬಹುದು. ಆ ಉಗುರು ನನ್ನ ಉತ್ತರದ ಸಾಲುಗಳ ಮೇಲೆ ಓಡಾಡಿದ್ದು ಮಾತ್ರ ಸುಳ್ಳಲ್ಲ.

ಕೊಟ್ಟೂರಿನ ನಮ್ಮ ಕಾಲೇಜಿನಲ್ಲಿ ಇಂಟರ್ನಲ್ ಅಂಕ ಇಪ್ಪತ್ತು. ಬೇರೆ ವಿಭಾಗಗಳಲ್ಲಿ ಅದು ಹಾಜರಿ ಹೇಳಿದಷ್ಟೇ ಸಲೀಸಾಗಿ ಸಿಗುತ್ತಿತ್ತು. ಮೇಷ್ಟರು ಮಾತ್ರ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. “ಹನ್ನೆರಡು ನಿಂದು. ಉಳದ ಎಂಟು ಎಲ್ಲಿ ಹೋದ್ವು ತೋರಸ್ತೀನಿ, ಕುಂದ್ರು.”

ಗುಡೇಕೋಟೆ ನಮ್ಮೂರು. ಅಲ್ಲಿಯ ಕೋಟೆಯ ಬಗ್ಗೆ ಹುರುಪಿನಿಂದ ಬರೆದಿದ್ದೆ. ಉಗುರು ಒಂದು ಸಾಲಿನ ಮೇಲೆ ನಿಂತಿತು.

“ಇದನ್ನ ಯಾರು ಹೇಳಿದ್ರವ್ವಾ?”

“ನಮ್ಮಜ್ಜಿ, ಸರ್.”

“ಅಜ್ಜಿಗೆ?”

ಅಜ್ಜಿಗೆ ಯಾರು ಹೇಳಿದ್ದರೆಂದು ನಾನು ಕೇಳಿರಲೇ ಇಲ್ಲ. “ಅಲ್ಲೇ ಹೋಗ್ಯಾವ ನೋಡು ಎರಡು. ಅಜ್ಜಿ ಹೇಳಿದ್ಲು ಅಂತ ಬರದ್ರ ಮುಗೀತು, ಎರಡೂ ನಿನ್ನವ,” ಎಂದು ನಕ್ಕರು.

ಪದವಿ ಮುಗಿಸಿ ಮುಂದೆ ಓದುವವರಿಗೆ ಕಾಲೇಜು ಕೊಡುತ್ತಿದ್ದ ವಿದ್ಯಾರ್ಥಿವೇತನ ಒಂದೇ. ಇಂಟರ್ನಲ್ ಸೇರಿಸಿದ ಒಟ್ಟು ಅಂಕದ ಮೇಲೆ, ಎಲ್ಲ ವಿಭಾಗದವರಿಗೂ ಒಂದೇ ಪಟ್ಟಿ. ಅದು ಸಿಗದಿದ್ದರೆ ನಾನು ಎಂ.ಎ. ಸೇರುವಂತಿರಲಿಲ್ಲ. ಅದೇ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತಿದ್ದ ನನ್ನ ಸೋದರಮಾವ ಮೇಷ್ಟರ ಬಳಿ ಹೋದ. ಆ ಮಾತುಗಳನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆನೋ, ಮಾವ ಮನೆಯಲ್ಲಿ ಅಭಿನಯಿಸಿ ತೋರಿಸಿದ್ದನ್ನೇ ಕಂಡಂತೆ ನೆನೆಯುತ್ತಿದ್ದೇನೋ.

“ನಮ್ಮ ಹುಡುಗ್ರಿಗೆಲ್ಲ ಇಪ್ಪತ್ತು ಕೊಟ್ಟೀನಿ. ನೀವೂ ಕೊಡ್ರಿ ಸರ. ಶಾಸನ ಓದಿ ಓದಿ ಕಲ್ಲಾಗೀರಿ!”

“ಕಲ್ಲೂ ಸುಳ್ಳು ಹೇಳ್ತಾವ್ರಿ, ಅದ ನನ್ನ ತ್ರಾಸು,” ಎಂದರಂತೆ ಮೇಷ್ಟರು. “ಇಪ್ಪತ್ತು ಹಾಕಿಬಿಟ್ರ ಆಕಿಗೆ ಕಲಿಸೂದು ಏನು ಉಳೀತೈತ್ರಿ?”

ವಿದ್ಯಾರ್ಥಿವೇತನ ಕಾಮರ್ಸಿನಲ್ಲಿ ಮಾವನ ಬಳಿಯೇ ಓದಿದ ಹುಡುಗನೊಬ್ಬನಿಗೆ ಹೋಯಿತು. ಎರಡು ವರ್ಷ ಹಡಗಲಿಯ ಶಾಲೆಯೊಂದರಲ್ಲಿ ಪಾಠ ಹೇಳಿ, ಆಮೇಲೆ ಎಂ.ಎ. ಸೇರಿದೆ. ಅಷ್ಟು ದಿನವೂ ಮೇಷ್ಟರನ್ನು ಕ್ಷಮಿಸಿರಲಿಲ್ಲ. ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಈಗಲಾದರೂ ಕ್ಷಮಿಸಿದ್ದೇನೆಯೇ, ಗೊತ್ತಿಲ್ಲ.

ಈಗ ಹರಪನಹಳ್ಳಿಯ ಕಾಲೇಜಿನಲ್ಲಿ ನಾನೇ ಇತಿಹಾಸ ಕಲಿಸುತ್ತೇನೆ. ಮೊನ್ನೆ ಪಕ್ಕದ ಮೇಜಿನವರು ಎಲ್ಲರಿಗೂ ಇಪ್ಪತ್ತು ಹಾಕಿ ಮನೆಗೆ ಹೋದರು. ನಾನು ಒಬ್ಬ ಹುಡುಗಿಯನ್ನು ಕೂರಿಸಿಕೊಂಡು ಹದಿಮೂರು ಎಂದೆ. ಉಳಿದ ಏಳನ್ನು ತೋರಿಸಲು ಉತ್ತರದ ಮೇಲೆ ಬೆರಳಿಟ್ಟೆ. ಅವಳು ಉತ್ತರವನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. “ಮೇಡಂ, ನಮಗಷ್ಟೇ ಯಾಕ?”

ಅವಳ ಅಂಕವನ್ನು ಪಟ್ಟಿಯಲ್ಲಿ ಇನ್ನೂ ತುಂಬಿಲ್ಲ. ಆ ಸಂಜೆಯೇ, ನಿವೃತ್ತನಾಗಿ ಕೊಟ್ಟೂರಿನಲ್ಲೇ ಇರುವ ಮಾವನಿಗೆ ಫೋನ್ ಮಾಡಿದೆ. ಊಟ, ಬಿಸಿಲು, ಮೊಮ್ಮಕ್ಕಳು, ಎಲ್ಲದರ ಬಗ್ಗೆಯೂ ಮಾತಾಡಿದ. ನಾನು ಕೇಳಿದ್ದಕ್ಕೆ ಮಾತ್ರ ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ:

“ಮಾವ, ನೀ ಇಪ್ಪತ್ತು ಕೊಟ್ಟವರೊಳಗ ಖರೇನ ಇಪ್ಪತ್ತಕ್ಕ ತಕ್ಕಂಗ ಬರದವ್ರು ಯಾರಿದ್ರು?”