ದೊರೆಸ್ವಾಮಿಯವರ ಸದ್ದಿಲ್ಲದ ಕಾರು

ನಿನ್ನೆ ಕಿಣತ್ತುಕಡವಿನ ಮೇಲ್ಸೇತುವೆ ಇಳಿಯುವಾಗ ನಮ್ಮ ಕಾರು ನನ್ನನ್ನು ಗದರಿಸಿತು. ಗದರಿಕೆ ಎಂದರೆ ದೊಡ್ಡದೇನಲ್ಲ, ‘ಪೀಂ’ ಎಂಬ ಒಂದೇ ಅಕ್ಷರ. ಎಂಬತ್ತು ದಾಟಿದ್ದೀರಿ ಎಂಬುದು ಅದರ ತಾತ್ಪರ್ಯ. ವೇಗದ ಬಗ್ಗೆ ಹೇಳಿದ್ದು. ವಯಸ್ಸಿನಲ್ಲಿ ನಾನಿನ್ನೂ ಅಷ್ಟು ದೂರ ಹೋಗಿಲ್ಲ. ಪಕ್ಕದಲ್ಲಿ ನನ್ನ ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು. ರೇಡಿಯೋ ಎಂದಿನಂತೆ ಯಾರದೋ ಹೇಳಿಕೆಯನ್ನು ಯಾರೋ ಖಂಡಿಸಿದ್ದನ್ನು ಓದುತ್ತಿತ್ತು.

ಈ ಪೀಂಕಾರ ಕೇಳಿದಾಗಲೆಲ್ಲ ನನಗೆ ದೊರೆಸ್ವಾಮಿಯವರ ನೆನಪಾಗುತ್ತದೆ. ನಾನು ಪೆಟ್ರೋಲ್ ಬಿಟ್ಟು ವಿದ್ಯುತ್ತಿಗೆ ಮತಾಂತರಗೊಂಡದ್ದು ಅವರಿಂದ. ಆ ಕಾಲದಲ್ಲಿ ಅವರು ಪೋತ್ತನೂರಿನಲ್ಲಿ ನಮ್ಮ ಎದುರು ಮನೆಯವರು. ಹಿಂದೆ ರೈಲು ಹಳಿ, ಮುಂದೆ ಬಸ್ಸು ರಸ್ತೆ, ನಡುವೆ ನಾವು. ಮನೆಯಲ್ಲಿ ಯಾವ ಮಾತೂ ಒಂದು ರೈಲು ಹೋಗುವವರೆಗೆ ಕಾಯದೆ ಮುಗಿಯುತ್ತಿರಲಿಲ್ಲ. ಅವರದು ನೇಯ್ಗೆಯ ಮನೆತನ. ಎಷ್ಟು ತಲೆಮಾರಿನ ಹಿಂದೆ ಕನ್ನಡನಾಡಿನಿಂದ ಬಂದರೋ ಅವರಿಗೇ ತಿಳಿಯದು. ಒಳಗೆ ಕನ್ನಡ, ಬೀದಿಯಲ್ಲಿ ತಮಿಳು, ಹೊಸ್ತಿಲ ಮೇಲೆ ಎರಡೂ. ಹಾಸನದ ಕಡೆಯಿಂದ ಕೆಲಸಕ್ಕೆ ಬಂದು ಇಲ್ಲೇ ನಿವೃತ್ತನಾದ ನನ್ನ ಕನ್ನಡ ಕೇಳಿ, “ಸಾರ್ ರೇಡಿಯೋ ತರ ಮಾತಾಡ್ತಾರೆ” ಎನ್ನುತ್ತಿದ್ದರು. ಅದು ಹೊಗಳಿಕೆಯೆಂದು ನಾನು ಬಹಳ ಕಾಲ ನಂಬಿದ್ದೆ.

ದೊರೆಸ್ವಾಮಿ ಮತ್ತು ಅವರ ಹೆಂಡತಿ ಸರಸಕ್ಕ ಪಲ್ಲಡದ ಹತ್ತಿರ ಒಂದು ಷೆಡ್ಡಿನಲ್ಲಿ ಪವರ್‌ಲೂಮ್ ಓಡಿಸಿದವರು. ಮದುವೆಯಾದ ಮರುವಾರದಿಂದಲೇ ಇಬ್ಬರೂ ಆ ಸದ್ದಿನೊಳಗೆ ಸಂಸಾರ ಮಾಡಿದರು. ಮಗ್ಗಗಳು ಒಟ್ಟಿಗೆ ಓಡುವ ಷೆಡ್ಡಿನಲ್ಲಿ ಮಾತಿಗೆ ಜಾಗವಿಲ್ಲ, ಎಲ್ಲ ಕೈಸನ್ನೆ. ನೂಲು ಮುಗಿಯಿತು ಎಂಬುದಕ್ಕೆ ಒಂದು ಸನ್ನೆ, ಮಗು ಎದ್ದಿತು ಎಂಬುದಕ್ಕೆ ಒಂದು, ನಿಮ್ಮಮ್ಮ ಬಂದಿದ್ದಾರೆ ಎಂಬುದಕ್ಕೆ ಮುಖವನ್ನೂ ಸೇರಿಸಿ ಇನ್ನೊಂದು. ಮಗ್ಗ ಮಾರಿ ಪೋತ್ತನೂರಿಗೆ ಬರುವ ಹೊತ್ತಿಗೆ ಸರಸಕ್ಕನ ಕಿವಿ ಬಹುಪಾಲು ಆ ಷೆಡ್ಡಿನಲ್ಲೇ ಉಳಿದುಬಿಟ್ಟಿತ್ತು. ಕಿವಿಗೆ ಹಾಕುವ ಯಂತ್ರವನ್ನೂ ಒಮ್ಮೆ ತಂದರು. ಅದರಲ್ಲಿ ರೈಲು ಇನ್ನೂ ದೊಡ್ಡದಾಗಿ ಕೇಳಿಸುತ್ತದೆಂದು ಆಕೆ ಅದನ್ನು ಡಬ್ಬಿಗೆ ಹಾಕಿಟ್ಟರು. ಕೂಗಿದರೆ ತಲೆಯಾಡಿಸುತ್ತಿದ್ದರು, ಅಷ್ಟೇ. ಕೂಗಿ ಹೇಳಬಹುದಾದ ಮಾತುಗಳು ಸಂಸಾರದಲ್ಲಿ ಎಷ್ಟಿರುತ್ತವೆ, ನೀವೇ ಹೇಳಿ. ಊಟ ಆಯಿತೇ, ಗ್ಯಾಸ್ ಬಂತೇ. ಮಿಕ್ಕದ್ದೆಲ್ಲ ಮೆಲ್ಲಗೆ ಹೇಳುವಂಥದ್ದೇ.

ಹೀಗಿರುವಾಗ ದೊರೆಸ್ವಾಮಿ ಎಲೆಕ್ಟ್ರಿಕ್ ಕಾರು ಕೊಂಡರು. ಕೊಂಡದ್ದು ಓಡಿಸುವುದಕ್ಕಲ್ಲ, ಅಧ್ಯಯನಕ್ಕೆ ಎಂದು ಬೀದಿಯವರ ಅಭಿಪ್ರಾಯ. ಸ್ಟೀರಿಂಗಿನ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸಾಧನ ಸಿಕ್ಕಿಸಿ, ಕಾರಿನ ಒಳಗುಟ್ಟನ್ನು ಟ್ಯಾಬ್ಲೆಟ್ಟಿನಲ್ಲಿ ಓದುತ್ತಿದ್ದರು. ಬ್ಯಾಟರಿಯ ಪ್ರತಿ ಸೆಲ್ಲಿನ ವೋಲ್ಟೇಜು ಅಲ್ಲಿ ಸಾಲುಗಟ್ಟಿ ನಿಲ್ಲುತ್ತಿತ್ತು.

“ನೋಡಿ ಸಾರ್, ಇದು ಪಾವು ಹಾಸಿದಂಗೆ ತಾನೆ,” ಎಂದು ಮಗ್ಗದ ಹಾಸುನೂಲನ್ನು ನೆನೆಯುತ್ತಿದ್ದರು. “ಎಲ್ಲಾ ಎಳೆ ಒಂದೇ ಬಿಗಿ ಇರಬೇಕು. ಒಂದು ಎಳೆ ಸೋತ್ರೆ ಬಟ್ಟೆ ಪೂರಾ ಸೋತಂಗೆ. ವಂಡಿಗೂ ಅಷ್ಟುತಾನ್. ಇರೋದ್ರಲ್ಲಿ ಸೋತ ಸೆಲ್ಲು ಎಷ್ಟು ದೂರವೋ ವಂಡಿ ಅಷ್ಟು ದೂರ.”

ನಾನು ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ತಿಳಿಯದಿರುವಾಗ ನನ್ನ ತಲೆ ಬಹಳ ಚೆನ್ನಾಗಿ ಆಡುತ್ತದೆ.

ಕಾರು ಬಂದ ಮೊದಲ ವಾರ ಗಂಡಹೆಂಡಿರು ಉಡುಮಲೈಪೇಟೆಯಲ್ಲಿದ್ದ ಸರಸಕ್ಕನ ತಂಗಿಯ ಮನೆಗೆ ಹೊರಟರು. ಪೊಳ್ಳಾಚಿ ದಾಟಿದ ಮೇಲೆ ಒಂದು ಕಡೆ ರಸ್ತೆಬದಿಯ ಹುಣಸೆಮರಗಳ ನೆರಳಿನಲ್ಲಿ ಕಾರು ನಿಧಾನವಾಯಿತು. ದೊರೆಸ್ವಾಮಿ ತಮಗೆ ತಾವೇ, “ಇಷ್ಟೊಂದು ಹುಣಸೆಕಾಯಿ ಯಾರು ಉದುರಿಸ್ತಾರೋ” ಎಂದರಂತೆ. ಪಕ್ಕದಿಂದ ಉತ್ತರ ಬಂತಂತೆ: “ಏಲಂ ಹಾಕ್ತಾರೆ, ಪಂಚಾಯ್ತಿಯೋರು.”

ದೊರೆಸ್ವಾಮಿ ಬ್ರೇಕು ಹಾಕಿದರು.

“ಸಾರ್, ಕೂಗಲಿಲ್ಲ ಸಾರ್ ನಾನು. ಸುಮ್ಮಾ ಬಾಯೊಳಗೆ ಅಂದದ್ದು!” ಎಂದು ನನಗೆ ಹೇಳುವಾಗ ಅವರ ಕೈ ಸನ್ನೆ ಮಾಡುವುದನ್ನೂ ಮರೆತಿತ್ತು.

ಅಂದಿನಿಂದ ಅವರ ಸಂಶೋಧನೆ ಒಂದೇ ದಿಕ್ಕಿಗೆ ತಿರುಗಿತು: ಆ ಕಾರನ್ನು ಇನ್ನಷ್ಟು ಮೌನವಾಗಿಸುವುದು. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡರು. ಟೈರಿನ ಗಾಳಿ ಇಳಿಸಿದರು, ಏರಿಸಿದರು. ಎ.ಸಿ. ಫ್ಯಾನು ಒಂದರಲ್ಲಿಟ್ಟರೆ ಎಷ್ಟು, ಎರಡರಲ್ಲಿಟ್ಟರೆ ಎಷ್ಟು ಎಂದು ನೋಡಿದರು. ಪಾದಚಾರಿಗಳನ್ನು ಎಚ್ಚರಿಸಲು ಕಾರು ತಾನೇ ಹೊರಡಿಸುವ ಗುಂಯ್‌ಗುಟ್ಟುವಿಕೆ ಯಾವ ವೇಗದಲ್ಲಿ ನಿಲ್ಲುತ್ತದೆ, ಟೈರಿನ ಸದ್ದು ಯಾವ ವೇಗದಲ್ಲಿ ಶುರುವಾಗುತ್ತದೆ, ಇವೆರಡರ ನಡುವಿನ ಪುಣ್ಯಕಾಲವನ್ನು ಗೊತ್ತುಮಾಡಿಕೊಂಡರು. ಪರದೆಯ ಮೆನುವಿನೊಳಗೆ ಮೆನು ಹೊಕ್ಕು ಬೆಲ್ಟಿನ ಗಂಟೆ ಬಿಟ್ಟು ಉಳಿದ ಎಲ್ಲ ಗಂಟೆಗಳನ್ನೂ ನಿಲ್ಲಿಸಿದರು. ಹೆದ್ದಾರಿಯಲ್ಲಿ ಎತ್ತಿನ ಗಾಡಿಗೂ ದಾರಿ ಬಿಟ್ಟು ಹೋಗುವ ಅವರನ್ನು ಕಂಡು ಜನ, ಕರೆಂಟು ಉಳಿಸುತ್ತಿದ್ದಾನೆ ಎಂದರು. ಅವರು ಉಳಿಸುತ್ತಿದ್ದದ್ದು ಬೇರೆ.

ಆ ಕಾರಿನಲ್ಲಿ ಅವರು ಏನು ಮಾತಾಡಿಕೊಂಡರೆಂದು ನಾನು ಕೇಳಬಾರದು, ಕೇಳಲೂ ಇಲ್ಲ. ಒಂದು ಮಾತ್ರ ಅವರೇ ಹೇಳಿದರು. ಷೆಡ್ಡಿನಲ್ಲಿ ಅವರು ಹಸಿವಾಗಿದೆ ಎಂದು ಮಾಡುತ್ತಿದ್ದ ಸನ್ನೆಯನ್ನು ಸರಸಕ್ಕ ಅಷ್ಟೂ ವರ್ಷ ಟೀ ಬೇಕು ಎಂದು ತಿಳಿದಿದ್ದರಂತೆ. “ಎಷ್ಟು ಟೀ ಕುಡಿದಿದ್ದೀನಿ ಸಾರ್!” ಎಂದು ಹೊಟ್ಟೆ ಸವರಿಕೊಂಡರು.

ಆಮೇಲೆ ಬಂತು ಅಪ್‌ಡೇಟು. ಹೊಸ ತಂತ್ರಾಂಶ ಸಿದ್ಧವಿದೆ, ಹಾಕಲೇ, ಆಮೇಲೆಯೇ ಎಂದು ಪರದೆ ದಿನವೂ ಕೇಳತೊಡಗಿತು. ದೊರೆಸ್ವಾಮಿ ಅದರಲ್ಲಿ ಏನೇನಿದೆ ಎಂದು ಬೇರೆ ಮಾಲೀಕರ ಬರಹಗಳನ್ನೆಲ್ಲ ಓದಿ ತಿಳಿದುಕೊಂಡರು. ಒಳ್ಳೆಯದೂ ಇತ್ತು: ಬ್ಯಾಟರಿಯ ಲೆಕ್ಕ ಸರಿಯಾಗುತ್ತಿತ್ತು. ಕೆಟ್ಟದ್ದೂ ಇತ್ತು: ಎದುರಿಗೆ ಏನು ಬಂದರೂ, ರಸ್ತೆಯ ಗೆರೆ ಒಂದಿಷ್ಟು ದಾಟಿದರೂ ಕಾರು ಪೀಂ ಎನ್ನುತ್ತಿತ್ತು, ಆರಿಸಿದರೂ ಮತ್ತೆ ಹೊರಟಾಗ ಮೊದಲಿನಂತೆಯೇ. ನಮ್ಮ ರಸ್ತೆಯಲ್ಲಿ ಎದುರಿಗೆ ಬರದಿರುವುದು ಏನಿದೆ?

“ಇವಳ ಮಾತು ಈಗ ತಾನೆ ಸಿಕ್ಕಿದೆ ಸಾರ್. ಅದರ ಮೇಲೆ ಪೀಂ ಪೀಂ ಅಂತ ಕೂರಿಸ್ತಾರಾ? ಬೇಡವೇ ಬೇಡ,” ಎಂದು ಅವರು ದಿನವೂ ‘ಆಮೇಲೆ’ ಒತ್ತಿದರು. ಸಂಧ್ಯಾವಂದನೆಗೂ ಅಷ್ಟು ನಿಷ್ಠೆಯವರನ್ನು ನಾನು ಕಂಡಿಲ್ಲ.

ಕಾರು ಸೇಡು ತೀರಿಸಿಕೊಂಡಿತು. ಉಡುಮಲೈಪೇಟೆಯಿಂದ ಮರಳುವಾಗ, ಇನ್ನೂ ಸಾಕಷ್ಟು ಚಾರ್ಜ್ ಇದೆಯೆಂದು ತೋರಿಸುತ್ತಿದ್ದ ಮೀಟರು ಕಿಣತ್ತುಕಡವಿನ ಹತ್ತಿರ ಒಮ್ಮೆಲೇ ಕುಸಿದು ಸೊನ್ನೆಗೆ ಬಂತು. ದಂಪತಿ ಎಳೆಯುವ ಲಾರಿಯ ಮೇಲೆ ಕಾರಿನೊಂದಿಗೆ ಮೆರವಣಿಗೆಯಲ್ಲಿ ಬೀದಿಗೆ ಬಂದರು. ಅಪ್‌ಡೇಟ್ ಹಾಕಿಸಿ ಎಂದರು ಸರ್ವಿಸ್ಸಿನವರು. ದೊರೆಸ್ವಾಮಿ ಸೆಲ್ಲುಗಳ ಸಾಲಿನ ಮುಂದೆ ಎರಡು ದಿನ ಕುಳಿತು ಬೇರೆ ತೀರ್ಪು ಕೊಟ್ಟರು. ಬ್ಯಾಟರಿಯ ಆಯಸ್ಸು ಹೆಚ್ಚಲೆಂದು ಅವರು ಎಂದೂ ಪೂರ್ತಿ ಚಾರ್ಜ್ ಮಾಡುತ್ತಿರಲಿಲ್ಲ. ಈ ಜಾತಿಯ ಬ್ಯಾಟರಿ ಆಗಾಗ ಪೂರ್ತಿ ತುಂಬದಿದ್ದರೆ ಮೀಟರಿಗೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಅಮಾವಾಸ್ಯೆ. ನೇಕಾರರ ಮನೆಗಳಲ್ಲಿ ಅಮಾವಾಸ್ಯೆಯಂದು ಮಗ್ಗಕ್ಕೆ ರಜೆ. ಇನ್ನು ಕಾರಿಗೂ ರಜೆ, ತಂತಿ ಸಿಕ್ಕಿಸಿ ಭರ್ತಿ ಊಟ.

ಮೀಟರು ಸರಿಹೋಯಿತು. ಸರಸಕ್ಕನ ನಂಬಿಕೆ ಸರಿಹೋಗಲಿಲ್ಲ. ಲಾರಿಯ ಮೇಲೆ ಕುಳಿತು ಊರೊಳಗೆ ಬಂದ ಹೆಂಗಸು ಅಮಾವಾಸ್ಯೆಯ ಸಮಾಧಾನಕ್ಕೆ ಬಗ್ಗುವುದುಂಟೇ? ಒಂದು ಬೆಳಿಗ್ಗೆ ಹೊರಡುವ ಮುನ್ನ ದೊರೆಸ್ವಾಮಿ ನೀರಿನ ಬಾಟಲಿ ತರಲು ಒಳಗೆ ಹೋದಾಗ, ಪರದೆ ತಮಿಳಿನಲ್ಲಿ ತನ್ನ ನಿತ್ಯದ ಪ್ರಶ್ನೆ ಕೇಳಿತು. ಸರಸಕ್ಕ ‘ಸರಿ’ ಎಂಬುದನ್ನು ಒತ್ತಿಬಿಟ್ಟರು. ಬಾಟಲಿ ಹಿಡಿದು ಬಂದ ದೊರೆಸ್ವಾಮಿ ಪರದೆಯ ಮೇಲೆ ನಿಧಾನವಾಗಿ ತುಂಬುತ್ತಿದ್ದ ಪಟ್ಟಿಯನ್ನು ನೋಡಿ, ಮನೆಯ ಮೆಟ್ಟಿಲಿನ ಮೇಲೆ ಕುಳಿತರು. ಬೈಯಲಿಲ್ಲ. ಬೈಯಬೇಕಾದರೆ ಕೂಗಬೇಕಿತ್ತು.

ಸಂಜೆ ಪರೀಕ್ಷೆಗೆ ಹೊರಟರು. ಸಾಕ್ಷಿಯಾಗಿ ನಾನು ಹಿಂದಿನ ಸೀಟಿನಲ್ಲಿ. ಬೀದಿ ತಿರುಗುವುದರೊಳಗೆ ಒಂದು ಸೈಕಲ್ಲು: ಪೀಂ. ಮೇಕೆ: ಪೀಂ. ಮೇಕೆಯ ಮರಿಗಳು: ಪೀಂ ಪೀಂ ಪೀಂ. ಒಂದೊಂದಕ್ಕೂ ದೊರೆಸ್ವಾಮಿಯವರ ಹೆಗಲು ಕಿವಿಯತ್ತ ಏರುತ್ತಿತ್ತು. ಕೊನೆಗೆ ರಸ್ತೆ ಬದಿಗೆ ನಿಲ್ಲಿಸಿದರು. ಕಾರು ಕೊನೆಯದಾಗಿ ಒಮ್ಮೆ ಪೀಂ ಎಂದಿತು.

“ಏನುಂಗ, ಯಾಕೆ ನಿಂತ್ರಿ?” ಎಂದರು ಸರಸಕ್ಕ.

“ಈ ಸತ್ತದಲ್ಲಿ ಹೆಂಗೆ ಓಡಿಸೋದು?” ಎಂದರು ಅವರು, ಸದ್ದಿಗೆ ತಮಿಳಿನ ಮಾತು ಹಾಕಿ, ಸೋತ ಮೆಲುದನಿಯಲ್ಲಿ.

“ಯಾವ ಸತ್ತ?”

“ಪೀಂ ಅಂತಿಲ್ಲವಾ?”

“ಪೀಂ ಇಲ್ಲ, ಗೀಂ ಇಲ್ಲ. ನೀವು ಮೂಗಲ್ಲಿ ಬುಸ್ ಬುಸ್ ಅಂತೀರಲ್ಲ, ಅದೊಂದು ಕೇಳ್ತಿದೆ.”

ದೊರೆಸ್ವಾಮಿ ಹಿಂದೆ ತಿರುಗಿ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಮಗ್ಗ ಕಿವಿಯಿಂದ ಮೊದಲು ಕದಿಯುವುದು ಸಣ್ಣ, ಚೂಪು ಸದ್ದುಗಳನ್ನಂತೆ. ಗಂಡಸಿನ ದಪ್ಪ ದನಿಯನ್ನು ಅದು ಉಳಿಸಿತ್ತು. ತಿಂಗಳುಗಟ್ಟಲೆ ಅವರು ಯುದ್ಧ ಹೂಡಿದ್ದು ಆಕೆಯ ಪಾಲಿಗೆ ಇಲ್ಲವೇ ಇಲ್ಲದ ಶತ್ರುವಿನ ಮೇಲೆ.

ನಾವಿಬ್ಬರೂ ನಕ್ಕೆವು. ಸರಸಕ್ಕನೂ ಏಕೆಂದು ತಿಳಿಯದೆ ನಕ್ಕರು. ನಗು ಮುಗಿದ ಮೇಲೆ ದೊರೆಸ್ವಾಮಿ ಏನೋ ಹೊಳೆದವರಂತೆ ಕೇಳಿದರು, “ಹಂಗಾದ್ರೆ ಗುಬ್ಬಿ ಕೂಗೋದು ಕೇಳುತ್ತಾ ನಿಂಗೆ?”

“ಈ ಊರಲ್ಲಿ ಗುಬ್ಬಿ ಎಲ್ಲುಂಗ ಇದೆ?” ಎಂದರು ಆಕೆ.

ಅವರ ಮನೆಯ ಸಜ್ಜೆಯ ಕೆಳಗೇ ಗುಬ್ಬಿಗಳ ಗೂಡಿತ್ತು. ದೊರೆಸ್ವಾಮಿ ಕಾರು ಹೊರಡಿಸಿದರು, ತಮ್ಮ ಲೆಕ್ಕದ ಆ ಪುಣ್ಯವೇಗಕ್ಕೆ ತಂದರು, ಮೆಲ್ಲಗೆ ಬೇರೇನೋ ಮಾತು ತೆಗೆದರು. ಆಕೆ ಉತ್ತರ ಕೊಡುತ್ತಾ ಹೋದರು. ಹಿಂದೆ ಕುಳಿತ ನಾನು ಇಬ್ಬರ ಪಾಲಿನ ಪೀಂಕಾರವನ್ನೂ ಒಬ್ಬನೇ ಅನುಭವಿಸಿದೆ. ಮರುದಿನ ಬೆಳಿಗ್ಗೆ ಕಾಂಪೌಂಡಿನಲ್ಲಿ ಅವರು ಆಕೆಯ ಭುಜ ತಟ್ಟಿ, ಸಜ್ಜೆಯತ್ತ ಕೈ ಮಾಡಿ, ಬೆರಳುಗಳನ್ನು ಕೊಕ್ಕಿನಂತೆ ತೆರೆದು ಮುಚ್ಚುವುದು ಕಾಣಿಸಿತು. ಷೆಡ್ಡಿನಲ್ಲಿ ಬೇಕಾಗಿರದ ಹೊಸ ಸನ್ನೆ.

ಈಗ ಅವರು ಉಡುಮಲೈಪೇಟೆಗೆ ಹೋಗಿ ನೆಲೆಸಿದ್ದಾರೆ, ತಂಗಿಯ ಮನೆಯ ಪಕ್ಕಕ್ಕೆ. ಎಲ್ಲ ಅಪ್‌ಡೇಟುಗಳನ್ನೂ ಬಂದ ದಿನವೇ ಹಾಕುತ್ತಾರಂತೆ.

ನಿನ್ನೆ ಮೇಲ್ಸೇತುವೆ ಇಳಿದ ಮೇಲೂ ರೇಡಿಯೋ ಖಂಡನೆಯನ್ನು ಮುಂದುವರಿಸಿತ್ತು. ಕಾರಿನಲ್ಲಿ ನನಗದು ಸದಾ ಬೇಕು. ಏಕೆ ಬೇಕೆಂದು ಯಾರೂ ಕೇಳಿರಲಿಲ್ಲ. ಕೈ ಚಾಚಿ ಆರಿಸಿದೆ.

“ಏನಾಯ್ತು? ಕೆಟ್ಟುಹೋಯ್ತಾ?” ಎಂದಳು ನನ್ನ ಹೆಂಡತಿ.

“ಇಲ್ಲ. ಚೆನ್ನಾಗೇ ಇದೆ.”

ಅವಳು ನನ್ನನ್ನು ಅನುಮಾನದಿಂದ ನೋಡಿ ಮತ್ತೆ ಕಿಟಕಿಗೆ ತಿರುಗಿದಳು. ಒಂದೆರಡು ತೆಂಗಿನ ತೋಟ ಹಿಂದಕ್ಕೆ ಸರಿದವು. ಆಮೇಲೆ, ಕಿಟಕಿಯನ್ನೇ ನೋಡುತ್ತಾ, “ಹಾಗಿದ್ರೆ ಒಂದು ವಿಷಯ. ಬಹಳ ದಿನದಿಂದ ಹೇಳಬೇಕು ಅಂತಿದ್ದೆ” ಎಂದಳು.

ಕಾರು ಪೀಂ ಎಂದಿತು. ನಾನು ಕಾಲು ತೆಗೆದೆ. ವೇಗ ಇಳಿಯಿತು, ಕಾರು ತಾನಾಗಿ ಬಾಯಿ ಮುಚ್ಚಿತು.

“ಹೇಳು,” ಎಂದೆ.