ಭಂಗಿಗೆ ಹೊತ್ತು ತಂದ ಮಣ್ಣು

ಸೂವಾಳಿಗೆ ಮಣ್ಣನ್ನು ನಾಲಿಗೆಗೆ ಇಟ್ಟು ನೋಡುವ ಚಾಳಿ. ಅವಳು ಸೊಸೆಯಾಗಿ ಬಂದ ಹೊಸದರಲ್ಲಿ ಊರ ಹೆಂಗಸರು, ಪಾವೋ ಹೆಂಡತಿಗೆ ಹೊಟ್ಟೆಗೆ ಹಾಕುವುದಿಲ್ಲವೇನೋ ಎಂದು ಆಡಿಕೊಂಡು ನಕ್ಕರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮದು ಕಲ್ಲಿನ ಊರು. ಬಂಡೆಗಳ ನಡುವಿನ ಕುಳಿಗಳಿಗೆ ಬೆನ್ನುಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ತುಂಬಿ, ಅದರಲ್ಲಿ ಜೋಳ ಬೆಳೆದು ತಿನ್ನುತ್ತೇವೆ. ಇಲ್ಲಿ ಮಣ್ಣಿನ ರುಚಿ ಗೊತ್ತಿಲ್ಲದವಳನ್ನು ಸೊಸೆ ಮಾಡಿಕೊಂಡು ಏನು ಪ್ರಯೋಜನ?

ನಾನು ಅವರ ನೆರೆಯವನು, ಪಾವೋನಿಗೆ ವರಸೆಯಲ್ಲಿ ಚಿಕ್ಕಪ್ಪ. ಊರಲ್ಲಿ ಯಾರು ತೀರಿಕೊಂಡರೂ ಅವರ ಕಿವಿಯ ಬಳಿ ಕೂತು ದಾರಿ ಹೇಳುವವನು ನಾನೇ. ನಮ್ಮ ಹ್ಮೋಂಗ್ ಜನ ಸತ್ತ ಮೇಲೆ, ಬಾಳಿದ ಊರುಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ದಾಟಿ ಹುಟ್ಟಿದ ಮನೆಗೆ ಹೋಗಬೇಕು. ಅಲ್ಲಿ ನೆಲದಡಿ ಅವರ ಮೊದಲ ಅಂಗಿ ಹೂತಿರುತ್ತದೆ. ಹುಟ್ಟುವಾಗ ಕೂಸಿನ ಜೊತೆ ಬಂದ ಮಾಸನ್ನು ನಾವು ಹಾಗೆ ಕರೆಯುತ್ತೇವೆ. ಗಂಡಾದರೆ ನಡುಗಂಬದ ಬುಡ, ಹೆಣ್ಣಾದರೆ ತಾಯಿಯ ಮಂಚದಡಿ. ಅದನ್ನು ತೊಟ್ಟವರಿಗಷ್ಟೇ ಮುಂದೆ ಹಿರಿಯರ ಊರಿನ ದಾರಿ; ತೊಡದವರು ಮಂಜಿನಲ್ಲಿ ಅಲೆಯುತ್ತಲೇ ಇರುತ್ತಾರೆ. ಮೈಮೇಲೆ ಭಂಗಿ ನಾರಿನ ಬಟ್ಟೆಯೂ ಇರಬೇಕು, ಇಲ್ಲದಿದ್ದರೆ ಹಿರಿಯರು ಗುರುತು ಹಿಡಿಯುವುದಿಲ್ಲ. ಭಂಗಿ ಎಂದರೆ ಸೇದುವ ಸೊಪ್ಪು ಎನ್ನುವವರು ಸೇದಿಕೊಳ್ಳಲಿ, ನಮ್ಮಲ್ಲಿ ಅದು ಉಡುವ ಗಿಡ.

ಸೂವಾಳ ಅತ್ತೆ ಜೀಯಾ ಹಾಸಿಗೆ ಹಿಡಿದ ವರ್ಷ, ಅವಳು ಸಾವಿಗೆಂದು ಎತ್ತಿಟ್ಟಿದ್ದ ಲಂಗವನ್ನು ಇಲಿ ತಿಂದುಹಾಕಿತು. ಮುದುಕಿಗೆ ಕಣ್ಣು ಹೋಗಿತ್ತು, ನಾಲಿಗೆ ಹೋಗಿರಲಿಲ್ಲ.

“ಇಲಿಗೂ ನನ್ನ ಲಂಗಾನೇ ಬೇಕಿತ್ತಾ? ಹೋಗ್ಲಿ ಬಿಡು, ಭಂಗಿ ಬಿತ್ತೇ ಸೂವಾ. ನೀನು ನೇಯೋವರೆಗೂ ನಾನು ಸಾಯಲ್ಲ.”

“ಕುಳೀಲಿ ಮಣ್ಣೇ ಇಲ್ಲ ಅತ್ತೆ. ಹೋದ ಮಳೇಲಿ ಎಲ್ಲಾ ಕೊಚ್ಕೊಂಡು ಹೋಯ್ತಲ್ಲ.”

“ಕೊಚ್ಕೊಂಡು ಹೋದ್ರೆ ಹುಡುಕ್ಕೊಂಡು ಬಾ.”

ಮಗ ಪಾವೋ ದೋಂಗ್ ವಾನ್ ಸಂತೆಯಿಂದ ಯೂರಿಯಾ ಚೀಲ ಹೊತ್ತು ತಂದ. ಜೀಯಾ ಒಂದು ಚಿಟಿಕೆ ಮೂಸಿ ನೋಡಿ ಮುಖ ಹಿಂಡಿದಳು.

“ಇದನ್ನ ಜೋಳಕ್ಕೆ ಹಾಕ್ಕೋ ಮಗನೇ. ಭಂಗಿಗೆ ಸುರಿದ್ರೆ ದಂಟು ಕೊಬ್ಬುತ್ತೆ ಅಷ್ಟೆ. ನಿನ್ನ ಥರಾನೇ, ನೋಡೋಕೆ ದಪ್ಪ, ಎಳೆದ್ರೆ ಪಟಕ್ ಅನ್ನುತ್ತೆ.”

“ಆಡಿನ ಗೊಬ್ಬರ ಇದೆಯಲ್ಲ ಅತ್ತೆ?” ಎಂದಳು ಸೂವಾ.

“ಹಸಿ ಗೊಬ್ಬರ ಮೊಳಕೇನ ಸುಡುತ್ತೆ ಕಣೇ. ಭಂಗಿಗೆ ಜನ, ದನ ಉಂಡು ಮಲಗಿ ಎದ್ದ ಮಣ್ಣು ಬೇಕು. ಬೂದಿ, ಗಂಜಲ ಎಲ್ಲಾ ಬಿದ್ದು, ಹಳೇದಾಗಿ ತಣ್ಣಗಾಗಿರಬೇಕು.”

ಸೂವಾ ಹುಡುಕುತ್ತ ಹೊರಟಳು. ಹೊಳೆದಂಡೆಯ ಮಣ್ಣು ಮರಳು, ನೀರು ನಿಲ್ಲುವುದಿಲ್ಲ. ಕಾಡಿನ ತರಗಿನ ಮಣ್ಣು ನಾಲಿಗೆಗೆ ಹುಳಿ. ಕೊನೆಗೆ ಬೆಟ್ಟದೇರಿನ ಮೇಲೆ, ಬತ್ತಿದ ಒರತೆಯ ಪಕ್ಕ, ಯಾರೋ ಎಂದೋ ಬಿಟ್ಟುಹೋದ ಮನೆಯೊಂದು ಬಿದ್ದಿರುವುದು ಕಂಡಿತು. ಬಿದ್ದ ಮನೆಯ ನೆಲವನ್ನು ಅಗೆಯಬಾರದೆಂದು ಅವಳಿಗೂ ಗೊತ್ತು, ಅಲ್ಲಿ ಯಾರ ಯಾರ ಮೊದಲ ಅಂಗಿ ಇದೆಯೋ. ಒಲೆಗಲ್ಲು ಗುರುತು ಹಿಡಿದು, ಆ ಕಡೆ ಕಾಲೂ ಇಡದೆ, ಪಕ್ಕದ ಎಮ್ಮೆ ಕೊಟ್ಟಿಗೆಯ ನೆಲವನ್ನು ಮುಟ್ಟಿ ನೋಡಿದಳು. ಕಪ್ಪು, ಮೆತ್ತಗೆ, ಒಂದಿಷ್ಟೂ ನಾತವಿಲ್ಲ. ಅದನ್ನೇ ಬುಟ್ಟಿ ಬುಟ್ಟಿ ಇಳಿಸಿ ಕುಳಿ ತುಂಬಿದಳು.

ಆ ಸಲದ ಭಂಗಿಯನ್ನು ನಾನು ಮರೆಯಲಾರೆ. ಒತ್ತೊತ್ತಾಗಿ, ಕವಲೊಡೆಯದೆ, ಆಳೆತ್ತರ ಮೀರಿ ನೆಟ್ಟಗೆ ನಿಂತಿತು. ಬೆಳಗಿನ ಮಂಜು ಅದರೊಳಗೆ ಹೊಕ್ಕರೆ ಮಧ್ಯಾಹ್ನವಾದರೂ ಹೊರಗೆ ಬರುತ್ತಿರಲಿಲ್ಲ. ಸೂವಾ ಅತ್ತೆಯನ್ನು ಬೆನ್ನಮೇಲೆ ಹೊತ್ತು ತಂದು ಅಂಚಿನ ಬಂಡೆಯ ಮೇಲೆ ಕೂರಿಸುತ್ತಿದ್ದಳು. ಮುದುಕಿ ಎಲೆಗಳ ಸದ್ದಿಗೆ ತಲೆದೂಗುತ್ತ, ಎಂದೋ ಸತ್ತ ತಾಯಿಯ ಜೊತೆ ಮಾತಾಡುತ್ತಿದ್ದಳು. ಹಸಿರು ವಾಸನೆಗೆ ನನಗೂ ಕಣ್ಣು ಎಳೆಯುತ್ತಿತ್ತು. ಅರೆನಿದ್ದೆಯಲ್ಲಿ ಗಿಡಗಳ ಆಚೆ ಯಾರೋ ಒಲೆ ಹೊತ್ತಿಸಿದಂತೆ, ಮಗುವೊಂದು ಅತ್ತಂತೆ ಕೇಳುತ್ತಿತ್ತು. ಸಾರಾಯಿಯ ಮಹಿಮೆ ಎಂದಳು ನನ್ನ ಹೆಂಡತಿ. ನಾನು ಅಂದು ತೊಟ್ಟೂ ಕುಡಿದಿರಲಿಲ್ಲ.

ಕೊಯ್ದು, ಒಣಗಿಸಿ, ಸೀಳಿದ್ದಾಯಿತು. ನಾರಿನ ತುದಿಗೆ ತುದಿ ಹೊಸೆಯುವ ಕೆಲಸಕ್ಕೆ ಕಣ್ಣು ಬೇಡ, ಜೀಯಾಳೂ ಕೈ ಹಚ್ಚಿದಳು.

“ಇಷ್ಟು ಉದ್ದದ ನಾರು ನನ್ನ ಕೈಗೆ ಯಾವತ್ತೂ ಬಂದಿಲ್ಲ. ಯಾವ ಕೊಟ್ಟಿಗೆ ಮಣ್ಣು ತಂದ್ಯೇ?”

“ಏರಿನ ಮೇಲೆ ಒಣಗಿದ ಒರತೆ ಹತ್ರ ಒಂದು ಬಿದ್ದ ಮನೆ ಇದೆಯಲ್ಲ ಅತ್ತೆ, ಅಲ್ಲೀದು.”

ಮುದುಕಿಯ ಬೆರಳು ನಿಂತಿತು. “ಅದು ನನ್ನ ತವರು ಕಣೇ. ಒರತೆ ಬತ್ತಿದ ಮೇಲೆ ಎಲ್ಲಾ ಬಿಟ್ಟು ಹೋದ್ರು.”

“ಮನೆ ನೆಲ ಮುಟ್ಟಿಲ್ಲ ಅತ್ತೆ, ನಿಮ್ಮಾಣೆ. ಕೊಟ್ಟಿಗೇಲಿ ಮಾತ್ರ ಅಗೆದೆ.”

“ಕೊಟ್ಟಿಗೆ ಆಗಿದ್ದು ಆಮೇಲೆ. ಅಪ್ಪ ಪಕ್ಕದಲ್ಲಿ ಹೊಸ ಮನೆ ಕಟ್ಟಿ, ಹಳೇ ಮನೇಲಿ ಎಮ್ಮೆ ಕಟ್ಟಿದ. ನಾನು ಹುಟ್ಟಿದ್ದು ಹಳೇದರಲ್ಲಿ.”

ಸೂವಾ ಅತ್ತೆಯ ಮೊದಲ ಅಂಗಿಯನ್ನೇ ಅಗೆದು ತಂದಿದ್ದಳು. ಮರುದಿನ ಕುಳಿಯ ಮಣ್ಣನ್ನೆಲ್ಲ ಬುಟ್ಟಿಗೆ ತುಂಬಿ ಏರು ಹತ್ತತೊಡಗಿದಳು. ಮಗ್ಗದ ಕಡೆ ತಿರುಗಿಯೂ ನೋಡಲಿಲ್ಲ. ದಾರಿಯಲ್ಲಿ ನನ್ನನ್ನು ತಡೆದು ಕೇಳಿದಳು.

“ಚಿಕ್ಕಮಾವ, ಇದ್ದ ಜಾಗಕ್ಕೇ ವಾಪಸ್ ಹಾಕಿದ್ರೆ ಅತ್ತೆಗೆ ಸಿಗುತ್ತಾ?”

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಉತ್ತರ ಗೊತ್ತಿಲ್ಲದ ನನ್ನ ಮೇಲೆ. ಊರಿಗೆಲ್ಲ ದಾರಿ ಹೇಳುವವನಿಗೆ ಆ ದಾರಿಯಲ್ಲಿ ಹೀಗೊಂದು ತಿರುವು ಇರಬಹುದೆಂದು ಯಾರೂ ಕಲಿಸಿರಲಿಲ್ಲ. “ಮೊದಲು ಮಳೆ ತೊಳೀತು, ಆಮೇಲೆ ಭಂಗಿ ಬೇರು ಹೀರ್ತು. ಯಾವ ಮಣ್ಣಲ್ಲಿ ಏನು ಉಳಿದಿರುತ್ತೋ ನಾನು ಕಾಣೆ ತಾಯಿ,” ಎಂದೆ. ಅವಳು ಬುಟ್ಟಿಯ ಪಟ್ಟಿಯನ್ನು ಹಣೆಗೆ ಏರಿಸಿಕೊಂಡು ನಡೆದಳು.

ಜೀಯಾ ನಮ್ಮಿಬ್ಬರನ್ನೂ ಒಲೆಯ ಬಳಿ ಕರೆಸಿದಳು. ಉಸಿರು ಆಗಲೇ ತುಂಡು ತುಂಡಾಗಿತ್ತು.

“ಮಣ್ಣು ಹೊತ್ತಿದ್ದು ಸಾಕು, ನೇಯಿ. ಅಂಗಿ ಹೋಯ್ತು ಅಂತ ಲಂಗಾನೂ ಇಲ್ಲದೆ ಕಳಿಸ್ತೀಯಾ? ದಾರಿ ಚಿಂತೆ ನಿನಗ್ಯಾಕೆ? ನಿನ್ನ ಚಿಕ್ಕಮಾವ ಇಷ್ಟು ವರ್ಷ ನಮ್ಮನೇಲಿ ಕುಡಿದ ಸಾರಾಯಿಗಾದ್ರೂ ಏನಾದ್ರೂ ಹುಡುಕಲಿ.”

“ಅತ್ತಿಗೆ, ಇದು ತಮಾಷೆ ಅಲ್ಲ.”

“ಸಾಯ್ತಿರೋಳು ನಾನು ಮೈದುನಾ. ತಮಾಷೆ ಹೌದೋ ಅಲ್ವೋ ನನಗೆ ಗೊತ್ತು.”

ಸೂವಾ ನೇಯ್ದಳು. ಬಟ್ಟೆ ಮಗ್ಗದಿಂದ ಇಳಿದು ಲಂಗವಾಯಿತು. ಮುದುಕಿ ಅದನ್ನು ಕೆನ್ನೆಗೆ ಒತ್ತಿಕೊಂಡು ಮಲಗಿದಳು, ಮತ್ತೆ ಏಳಲಿಲ್ಲ.

ಅವಳ ಕಿವಿಯ ಬಳಿ ಕೂತು ನಾನು ದಾರಿ ಹೇಳತೊಡಗಿದೆ. ಈ ಮನೆಯ ನೀರಿಗೆ, ಸೌದೆಗೆ, ನೆಲಕ್ಕೆ ಕೈಮುಗಿಸಿದೆ. ಜೋಳದ ಕುಳಿಗಳನ್ನು ದಾಟಿಸಿದೆ, ಮಂಜಿನೊಳಗೆ ಏರು ಹತ್ತಿಸಿದೆ. ಹುಟ್ಟಿದ ಮನೆಯ ಬಾಗಿಲು ಬಂತು. ಮಂಚದಡಿ ಅಗೆದು ನಿನ್ನ ಅಂಗಿ ತೊಟ್ಟುಕೋ ಎನ್ನುವ ಮಾತು ಬಾಯಿಗೆ ಬಂದು ಅಲ್ಲೇ ನಿಂತಿತು. ಸೂವಾ ಕಾಲಬುಡದಲ್ಲಿ ಕಲ್ಲಿನಂತೆ ಕೂತು ನನ್ನ ತುಟಿಯನ್ನೇ ನೋಡುತ್ತಿದ್ದಳು. ನಾನು ಶವದ ಮೇಲಿದ್ದ ಲಂಗವನ್ನು ನೋಡಿದೆ. ಆ ಮಣ್ಣನ್ನು ಉಂಡು ಬೆಳೆದ ನಾರು ಅದು.

“ಅಗೀಬೇಡ ಅತ್ತಿಗೆ,” ಎಂದೆ. “ಕೈ ಮಣ್ಣು ಮಾಡ್ಕೋಬೇಡ. ನಿನ್ನ ಸೊಸೆ ಮುಂಚೇನೇ ಅಗೆದು, ಬೆಳೆದು, ನೇಯ್ದು ನಿನಗೆ ಉಡಿಸಿದ್ದಾಳೆ. ಅಂಗಿ ಮೈಮೇಲೇ ಇದೆ. ನಡಿ.”

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ಸೂವಾ, ಅತ್ತೆಯ ಪಾದಗಳನ್ನು ತಬ್ಬಿಕೊಂಡು ಬಾಯಿಬಿಟ್ಟು ಅತ್ತಳು.